ಎದುರು ಮನೆಯ ಅಬುಧಾಬಿ

ಚಾಮರಾಜಪೇಟೆಯಿಂದ ಅಬುಧಾಬಿಗೆ ಹೋಗುವ ದಾರಿ ಎದುರು ಮನೆಯ ಮೇಲೆ ಹಾಯ್ದು ಹೋಗುತ್ತದೆ ಎಂಬ ಸಂಗತಿ ಪರಮಶಿವಯ್ಯನವರಿಗೆ ಅರವತ್ತಮೂರು ವರ್ಷ ತುಂಬುವವರೆಗೂ ತಿಳಿದಿರಲಿಲ್ಲ. ತಿಳಿಯುವ ಅಗತ್ಯವೂ ಬಿದ್ದಿರಲಿಲ್ಲ. ಬೆಳಿಗ್ಗೆ ಮನೆಯಿಂದ ಅಕ್ಕಿಪೇಟೆಯ ತಮ್ಮ ಅಕ್ಕಿ ಅಂಗಡಿಗೆ, ಸಂಜೆ ಅಂಗಡಿಯಿಂದ ಮನೆಗೆ. ನಲವತ್ತು ವರ್ಷದ ಅವರ ಲೋಕಸಂಚಾರವೆಲ್ಲ ಇಷ್ಟೇ. ಒಂದು ಸಾರಿ ಯಾತ್ರೆಗೆಂದು ಹೊರಟು, ಮೊದಲನೇ ಛತ್ರದ ದಿಂಬು ಕುತ್ತಿಗೆಗೆ ಒಗ್ಗಲಿಲ್ಲವೆಂದು ಮಾರನೆಯ ದಿನವೇ ವಾಪಸು ಬಂದಿದ್ದರು. ದೇವರು ಎಲ್ಲ ಕಡೆಯೂ ಇದ್ದಾನೆ, ಮಂಚ ಮಾತ್ರ ಮನೆಯಲ್ಲಿದೆ ಎಂಬುದು ಅವರ ಅಭಿಪ್ರಾಯ.

ಅಂಥವರ ಬಾಯಿಂದ ತಪ್ಪು ಮಾತು ಬಿದ್ದದ್ದು ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಕದ ಎಲೆಯವರು ಸಿಂಗಪುರ ನೋಡಿಕೊಂಡು ಬಂದಿದ್ದರು. ಕೋಸಂಬರಿ ಬಡಿಸುವಾಗ ಶುರುವಾದ ಸಿಂಗಪುರ ಹೋಳಿಗೆ ಬಂದರೂ ಮುಗಿಯಲಿಲ್ಲ. ಮೊಸರನ್ನದ ಹೊತ್ತಿಗೆ ಪರಮಶಿವಯ್ಯನವರಿಗೆ ಸುಸ್ತಾಗಿ, ಆ ಬಾಯಿ ಮುಚ್ಚಿಸಲು ಬೇರೆ ದಾರಿ ಕಾಣದೆ, “ನಾನೂ ಬರೋ ತಿಂಗ್ಳು ಗಲ್ಫ್ ಕಡೆ ಹೋಗ್ಬೇಕು. ಬಿಸ್ನೆಸ್ಸು” ಎಂದುಬಿಟ್ಟರು.

ಹೇಳಿದ್ದು ಒಂದು ಎಲೆಗೆ, ಕೇಳಿಸಿದ್ದು ಇಡೀ ಪಂಕ್ತಿಗೆ. ಅವರು ಕೈ ತೊಳೆದು ತಿರುಗುವಷ್ಟರಲ್ಲಿ ಹೆಂಡತಿ ಶಿವಕುಮಾರಿಯ ಅಕ್ಕ, ಮಲ್ಲೇಶ್ವರದ ಗಿರಿಜಾಂಬಾ, ಎದುರಿಗೆ ನಿಂತಿದ್ದರು. ಗಿರಿಜಾಂಬಾ ಅವರ ಮಗ ಚಿದಂಬರ ಅಬುಧಾಬಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ.

“ನಮ್ಮ ಚಿದಂಬರ ಅಲ್ಲಿರೋವಾಗ ನೀವು ಗಲ್ಫ್ ಅಂತ ಕಂಡೋರ ಹತ್ರ ಹೇಳ್ಕೊಳೋದಾ? ಬಾಯಿಬಿಟ್ಟು ಒಂದ್ ಮಾತು ನನ್ನ ಕೇಳಿದ್ರೆ ನಾನೇನು ಬೇಡ ಅಂತಿದ್ನಾ?”

“ಹಾಗಲ್ಲ ಅಕ್ಕಾ, ನಾನು ಸುಮ್ನೆ...”

“ಸುಮ್ನಿರಿ. ಫೋನ್ ಹಾಕ್ತೀನಿ.”

ಫೋನಿನಲ್ಲಿ ಚಿದಂಬರನಿಗೆ ಆನಂದವೋ ಆನಂದ. “ಬನ್ನಿ ಚಿಕ್ಕಪ್ಪ! ಇಲ್ಲಿ ನಮ್ಮ ಕಡೆಯೋರು ಸೋನಾ ಮಸೂರಿ ಅಂದ್ರೆ ಪ್ರಾಣ ಬಿಡ್ತಾರೆ. ಎರಡು ದಿನ ಬಿಸ್ನೆಸ್ಸು ಮಾತಾಡಣ, ನಾಲ್ಕು ದಿನ ಸುತ್ತಾಡಿಸ್ತೀನಿ. ಸಮುದ್ರ, ಮರಳು, ಬಿಳಿ ಮಸೀದಿ, ಎಲ್ಲಾ!”

ಪರಮಶಿವಯ್ಯನವರಿಗೆ ಸಮುದ್ರವೂ ಬೇಕಿರಲಿಲ್ಲ, ಮರಳೂ ಬೇಕಿರಲಿಲ್ಲ. ಆದರೆ ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿಯಾಗಿತ್ತು. ಪಕ್ಕದ ಮನೆಯ ಭಾಗೀರಥಮ್ಮ ಕಾಂಪೌಂಡಿನ ಆಚೆಯಿಂದಲೇ ಕೇಳಿದರು.

“ದುಬೈಗಂತೆ?”

“ದುಬೈ ಅಲ್ಲಮ್ಮ, ಅಬುಧಾಬಿ.”

“ಎರಡೂ ಒಂದೇ ಅಲ್ವಾ, ಬಸವನಗುಡಿ ಮಾವಳ್ಳಿ ಇದ್ದಂಗೆ. ಬರೋವಾಗ ಖರ್ಜೂರ ತನ್ನಿ. ಬೀಜ ಇಲ್ದಿರೋದು.”

ಉಪ್ಪಾರಪೇಟೆಯಲ್ಲಿ ಒಂದು ಲಾಡ್ಜಿನ ಮಹಡಿಯ ಮೇಲೆ ಲೋಹಿತ್ ಎಂಬ ಟ್ರಾವೆಲ್ ಏಜೆಂಟ್ ಇದ್ದ. ಯಾವುದಕ್ಕೂ ಇಲ್ಲವೆನ್ನದ ಹುಡುಗ. ಅವನು ಟಿಕೆಟ್ಟು ತೆಗೆದ, ವೀಸಾಗೆ ಅರ್ಜಿ ಹಾಕಿದ. “ಆರಾಮಾಗಿ ಬಟ್ಟೆ ಜೋಡಿಸ್ಕೊಳಿ ಅಂಕಲ್, ವೀಸಾ ನನ್ನ ತಲೆನೋವು” ಎಂದ. ಶುಕ್ರವಾರ ಬೆಳಿಗ್ಗೆ ಹತ್ತೂ ಐವತ್ತಕ್ಕೆ ವಿಮಾನ.

ಟಿಕೆಟ್ಟು ನೋಡಿದ ಗಿರಿಜಾಂಬಾ ಮಲ್ಲೇಶ್ವರದಿಂದ ಆಟೋ ಮಾಡಿಕೊಂಡು, ಪಂಚಾಂಗ ಬಗಲಲ್ಲಿಟ್ಟುಕೊಂಡು ಬಂದರು.

“ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ ಕಣೇ ಕುಮಾರೀ! ಅದರ ಮೇಲೆ ಪಡುವಲ ದಿಕ್ಕಿನ ಪ್ರಯಾಣ. ಶುಕ್ರವಾರ ಪಡುವಲಿಗೆ ಶೂಲ. ಬುದ್ಧಿ ಇರೋರು ಯಾರಾದ್ರೂ ಹೊರಡ್ತಾರಾ?”

“ಆ ಮಾತು ವಿಮಾನದವರಿಗೆ ಹೇಳ್ಬೇಕು ಅಕ್ಕಾ.”

“ಅವರಿಗೇನು, ದಿನಾ ಹೋಗಿ ದಿನಾ ಬರ್ತಾರೆ. ನೀವು ಹಂಗಾ?”

ಲಿಂಗ ಕಟ್ಟಿದವರಿಗೆ ರಾಹುಕಾಲ ಗುಳಿಕಕಾಲ ಯಾವುದೂ ಇಲ್ಲ ಎಂದು ಪರಮಶಿವಯ್ಯನವರ ತಂದೆ ಹೇಳುತ್ತಿದ್ದರು. ತಂದೆ ತೀರಿಕೊಂಡಾಗ ಗಿರಿಜಾಂಬಾ ಇನ್ನೂ ಈ ಮನೆಗೆ ಬಂದುಹೋಗಿ ಮಾಡುತ್ತಿರಲಿಲ್ಲ.

ಕೊನೆಗೆ ಗಿರಿಜಾಂಬಾ ಅವರೇ ಪರಿಹಾರ ಹುಡುಕಿದರು: ಪ್ರಸ್ಥಾನ ಇಡುವುದು. ಇದು ಹಿಂದಿನವರು ಕಂಡುಕೊಂಡಿದ್ದ ಉಪಾಯ. ಹೊರಡುವ ದಿನ ಚೆನ್ನಾಗಿಲ್ಲವೆಂದರೆ, ಅದಕ್ಕೆ ಮುಂಚಿನ ಯಾವುದಾದರೂ ಒಳ್ಳೆಯ ಗಳಿಗೆಯಲ್ಲಿ ಗಂಟುಮೂಟೆ ಸಮೇತ ಹೊಸ್ತಿಲು ದಾಟಿ, ಬೇರೆಯವರ ಮನೆಯಲ್ಲಿ ಹೋಗಿ ಇಳಿದುಕೊಳ್ಳುವುದು. ಅಲ್ಲಿಗೆ ಹೊರಟಂತಾಯಿತು. ಆಮೇಲೆ ಬರುವ ಕೆಟ್ಟ ಗಳಿಗೆ ಏನೂ ಮಾಡಲಾರದು, ಏಕೆಂದರೆ ಮನುಷ್ಯ ಆಗಲೇ ಹೊರಟಾಗಿದೆ. ಕಟ್ಟಳೆ ಒಂದೇ: ಹೋದ ಕೆಲಸ ಮುಗಿಸಿ ಬರುವ ತನಕ ಸ್ವಂತ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಕಾಶಿಗೆ ಹೊರಟವರು ಹೀಗೆ ಪಕ್ಕದ ಬೀದಿಯಲ್ಲಿ ಎರಡು ದಿನ ಇದ್ದು ಹೋದದ್ದುಂಟು. ಅವರಿಗೆ ವೀಸಾ ಬೇಕಿರಲಿಲ್ಲ.

ಎದುರು ಮನೆಯ ರಾಮಾಂಜಿನಪ್ಪನವರನ್ನು ಕೇಳಿದರು. ಸೈಟು ವ್ಯಾಪಾರ ಮಾಡಿ, ಮೂರು ಅಂತಸ್ತು ಕಟ್ಟಿ, ಈಗ ಜಗಲಿಯ ಮೇಲೆ ಕೂತು ಪೇಪರು ಓದುತ್ತಿದ್ದ ಧಾರಾಳ ಮನುಷ್ಯ.

“ಅಯ್ಯೋ ಶಿವಯ್ಯನೋರೇ, ಎರಡು ದಿವ್ಸ ತಾನೇ? ಎರಡು ತಿಂಗ್ಳು ಇರಿ ಬೇಕಾದ್ರೆ, ನಮ್ದೇನೂ ಅಭ್ಯಂತರ ಇಲ್ಲ” ಎಂದರು ರಾಮಾಂಜಿನಪ್ಪ. ಇಂಥ ಮಾತನ್ನು ಮನುಷ್ಯ ಯೋಚಿಸಿ ಆಡಬೇಕು.

ಬುಧವಾರ ಬೆಳಿಗ್ಗೆ ಆರೂ ಹತ್ತಕ್ಕೆ, ಬೀದಿಯಲ್ಲಿ ಹಾಲಿನವನು ಬಿಟ್ಟರೆ ಯಾರೂ ಇಲ್ಲದ ಹೊತ್ತಿನಲ್ಲಿ, ಪರಮಶಿವಯ್ಯನವರು ಬಲಗಾಲಿಟ್ಟು ಹೊಸ್ತಿಲು ದಾಟಿದರು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಮಾದರಿಗೆಂದು ಎರಡು ಕೆಜಿ ಸೋನಾ ಮಸೂರಿ. ಶಿವಕುಮಾರಿ ಆರತಿ ಎತ್ತಿದರು. “ಹಿಂದೆ ತಿರುಗಿ ನೋಡ್ಬೇಡಿ” ಎಂದರು ಗಿರಿಜಾಂಬಾ. ಪರಮಶಿವಯ್ಯನವರು ಹಿಂದೆ ತಿರುಗದೆ ಇಪ್ಪತ್ತಡಿ ನಡೆದು ವಿದೇಶ ಪ್ರಯಾಣದ ಮೊದಲ ಹಂತ ಮುಗಿಸಿದರು.

ಗುರುವಾರ ಮಧ್ಯಾಹ್ನ ಲೋಹಿತ್ ಫೋನ್ ಮಾಡಿದ.

“ಅಂಕಲ್, ವೀಸಾ ರಿಜೆಕ್ಟ್ ಆಗಿದೆ. ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದೆ.”

“ನನಗಿರೋದೇ ಒಂದು ಹೆಸರಲ್ವೇನಪ್ಪಾ?”

“ಅವರಿಗೆ ಎರಡು ಬೇಕು ಅಂಕಲ್. ಹೆಸರೊಂದು, ಸರ್‌ನೇಮ್ ಒಂದು. ತಂದೆ ಹೆಸರು ಸೇರಿಸಿ ಪಾಸ್‌ಪೋರ್ಟ್ ಹೊಸದು ಮಾಡಿಸ್ಬೇಕು. ಆರಾಮಾಗಿರಿ, ಮೂರು ವಾರದಲ್ಲಿ ಬಂದ್ಬಿಡುತ್ತೆ.”

ಅರವತ್ತಮೂರು ವರ್ಷ ಒಂದೇ ಹೆಸರಿನಲ್ಲಿ ಅಕ್ಕಿ ಮಾರಿ, ಮದುವೆಯಾಗಿ, ಮಗಳ ಮದುವೆಯನ್ನೂ ಮಾಡಿದ ಮನುಷ್ಯನಿಗೆ ಈಗ ಇನ್ನೊಂದು ಹೆಸರು ಬೇಕೆಂದರೆ ಯಾರಿಗಾದರೂ ಬೇಸರವಾಗಬೇಕು. ಪರಮಶಿವಯ್ಯನವರಿಗೆ ಒಳಗೊಳಗೇ ಹಿಗ್ಗಾಯಿತು. ಹೋಗುವುದು ತಪ್ಪಿತು, ಇನ್ನು ಮನೆಗೆ ಹೋಗಿ ಒಂದು ನಿದ್ದೆ ತೆಗೆಯಬಹುದು. ಸೂಟ್‌ಕೇಸು ಹಿಡಿದು, ರಸ್ತೆ ದಾಟಿ, ತಮ್ಮ ಮನೆಯ ಗೇಟಿಗೆ ಕೈ ಹಾಕಿದರು.

“ಅಲ್ಲೇ ನಿಲ್ಲಿ!” ಎಂದು ಶಿವಕುಮಾರಿ ಒಳಗಿನಿಂದ ಕೂಗಿದರು. “ಅಕ್ಕನ್ನ ಕೇಳ್ದೆ ಒಳಗೆ ಬರ್ಬೇಡಿ.”

ಅಕ್ಕನನ್ನು ಫೋನಿನ ಸ್ಪೀಕರಿಗೆ ಹಾಕಿದರು. ಗಿರಿಜಾಂಬಾ ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ಇಟ್ಟ ಪ್ರಸ್ಥಾನ ಮುರಿಯೋದಾ? ನಮ್ಮ ತಾತನ ತಮ್ಮ ಒಬ್ರು ಹಿಂಗೇ ಅರ್ಧದಲ್ಲಿ ಮನೆಗೆ ಬಂದ್ರು.”

“ಏನಾಯ್ತಕ್ಕಾ?” ಎಂದರು ಶಿವಕುಮಾರಿ ಗಾಬರಿಯಿಂದ.

“ಏನಾಯ್ತು ಅಂತ ಯಾಕೆ ಕೇಳ್ತೀಯ. ಹತ್ತೇ ವರ್ಷ. ಹೋಗ್ಬಿಟ್ರು.”

“ಆಗ ಅವರಿಗೆ ಎಷ್ಟು ವಯಸ್ಸಾಗಿತ್ತು?” ಎಂದು ಪರಮಶಿವಯ್ಯನವರು ಗೇಟಿನಿಂದಲೇ ಕೇಳಿದರು.

“ತೊಂಬತ್ತಾರು. ಅದಲ್ಲ ಮುಖ್ಯ.”

ಶಿವಕುಮಾರಿಯ ಕಣ್ಣಲ್ಲಿ ನೀರು ಬಂದಿತ್ತು. ಪರಮಶಿವಯ್ಯನವರು ಹೆಂಡತಿಯ ಮುಖ ನೋಡಿದರು, ಗೇಟಿನ ಚಿಲಕ ನೋಡಿದರು, ಸೂಟ್‌ಕೇಸು ಎತ್ತಿಕೊಂಡರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಗೆದ್ದ ವಾದ ಒಂದೂ ಇರಲಿಲ್ಲ. ಇದೊಂದನ್ನು ಗೆಲ್ಲುವ ಶಕ್ತಿ ಆ ಬಿಸಿಲಿನಲ್ಲಿ ಎಲ್ಲಿಂದ ಬರಬೇಕು?

ಶುಕ್ರವಾರ ಹನ್ನೊಂದು ಗಂಟೆಗೆ ಭಾಗೀರಥಮ್ಮ ಬಂದು, “ಹೊರಟ್ರಾ?” ಎಂದು ಕೇಳಿದರು.

“ಹೊರಟ್ರು” ಎಂದರು ಶಿವಕುಮಾರಿ. ಅದು ಸುಳ್ಳಲ್ಲ. ಪ್ರಸ್ಥಾನ ಇಟ್ಟ ಮೇಲೆ ಹೊರಟಂತೆಯೇ ಲೆಕ್ಕ ಎಂದು ಗಿರಿಜಾಂಬಾ ತೀರ್ಪು ಕೊಟ್ಟಿದ್ದರು. ಹೊರಟವರು ಎಲ್ಲಿಗೆ ತಲುಪಿದ್ದಾರೆ ಎಂದು ಭಾಗೀರಥಮ್ಮ ಕೇಳಲಿಲ್ಲ, ಶಿವಕುಮಾರಿ ಹೇಳಲಿಲ್ಲ. ಸಂಜೆಯೊಳಗೆ ಬೀದಿಯೆಲ್ಲ ಅವರನ್ನು ದುಬೈಯಲ್ಲಿ ಇಳಿಸಿಯಾಗಿತ್ತು.

ಹೀಗೆ ಪರಮಶಿವಯ್ಯನವರ ಪರದೇಶವಾಸ ಶುರುವಾಯಿತು. ಹಗಲು ಹೊರಗೆ ಕಾಣಿಸಿಕೊಳ್ಳುವಂತಿಲ್ಲ. ಅಂಗಡಿಗೂ ಹೋಗುವಂತಿಲ್ಲ, ಅಲ್ಲಿ ಗುಮಾಸ್ತ ರಾಘವ, “ಯಜಮಾನ್ರು ಫಾರಿನ್‌ನಲ್ಲಿದ್ದಾರೆ” ಎಂದು ಹೇಳಿ ಹೇಳಿ ತಾನೇ ನಂಬಿಬಿಟ್ಟಿದ್ದ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಸ್ವಂತ ಮನೆ ನೋಡುವುದೊಂದೇ ಅವರ ಕೆಲಸ. ತಮ್ಮ ಮನೆಗೆ ಬಣ್ಣ ಹೊಡೆಸಬೇಕಾಗಿದೆ ಎಂಬುದು ಅವರಿಗೆ ಮೊದಲ ಸಾರಿ ಗೊತ್ತಾಯಿತು. ಮಧ್ಯಾಹ್ನ ಎರಡು ಗಂಟೆಗೆ ತಮ್ಮ ಮಂಚದ ಮೇಲೆ ಫ್ಯಾನು ತಿರುಗುವುದು ಅಲ್ಲಿಂದ ಕಾಣುತ್ತಿತ್ತು. ಕೆಳಗೆ ಬೆಕ್ಕು ಮಲಗಿರುತ್ತಿತ್ತು. ಬೆಕ್ಕಿಗೆ ಯಾರೂ ಪ್ರಸ್ಥಾನ ಇಟ್ಟಿರಲಿಲ್ಲ.

ರಾಮಾಂಜಿನಪ್ಪನವರ ಹೆಂಡತಿ ಮುನಿಯಕ್ಕ ಒಳ್ಳೆಯ ಹೆಂಗಸು. ಲಿಂಗಪೂಜೆ ಮಾಡುವವರು ಮನೆಯಲ್ಲಿದ್ದಾಗ ಒಲೆಯ ಮೇಲೆ ಮಾಂಸ ಇಡಬಾರದೆಂದು ಮೊದಲ ದಿನವೇ ತೀರ್ಮಾನಿಸಿ, ಅದಕ್ಕೆಂದೇ ಇದ್ದ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿಬಿಟ್ಟರು. ಪರಮಶಿವಯ್ಯನವರು ಬೇಡವೆಂದರೂ ಕೇಳಲಿಲ್ಲ. ಮೊದಲನೇ ಭಾನುವಾರ ಹುರುಳಿಕಾಳಿನ ಸಾರಾಯಿತು. ರಾಮಾಂಜಿನಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಅಲ್ಲೇ ಬೆರಳಾಡಿಸಿ ಏನನ್ನೋ ಹುಡುಕಿದರು. ಸಿಕ್ಕಲಿಲ್ಲ.

“ಸ್ವಾಮೀ, ಪಾಸ್‌ಪೋರ್ಟ್ ಯಾವಾಗಂತೆ?”

“ಮೂರು ವಾರ ಅಂದ ರಾಮಣ್ಣಾ.”

“ಮೂರು ಭಾನ್ವಾರ” ಎಂದು ರಾಮಾಂಜಿನಪ್ಪ ತಮಗೆ ತಾವೇ ಹೇಳಿಕೊಂಡರು.

ಮುನಿಯಕ್ಕ ಸಮಾಧಾನ ಹೇಳಿದರು. “ನೀವು ಅದ್ಕೆಲ್ಲ ಯೋಚ್ನೆ ಮಾಡ್ಬೇಡಿ ಸ್ವಾಮಿ. ನಮ್ಮೆಜಮಾನ್ರು ತೂಕ ಇಳ್ದವ್ರೆ. ಡಾಕ್ಟ್ರು ಖುಸಿಯಾಗವ್ರೆ. ಎಷ್ಟು ದಿನ ಬೇಕಾದ್ರೂ ಇರಿ.”

ಆ ವಾರದಿಂದ ರಾಮಾಂಜಿನಪ್ಪ ವಾಕಿಂಗ್ ಎಂದು ಹೋಗತೊಡಗಿದರು. ವಾಕಿಂಗ್ ಮುಗಿಸಿ ಬರುವಾಗ ಬಾಯಲ್ಲಿ ಏಲಕ್ಕಿ ಇರುತ್ತಿತ್ತು. ಮೂರನೇ ದಿನ ಮುನಿಯಕ್ಕ ಬಾಗಿಲಲ್ಲೇ ತಡೆದು, ಅಂಗಿಯ ತೋಳು ಮೂಸಿ, “ಯಾವ ಮಿಲ್ಟ್ರಿ ಹೋಟ್ಲುಗೆ ವಾಕಿಂಗು?” ಎಂದು ಕೇಳಿದ ಮೇಲೆ ಅದೂ ನಿಂತಿತು.

ಪಾಸ್‌ಪೋರ್ಟ್ ಕಚೇರಿಗೆ ಹೋಗಿಬರುವ ದಿನ ಮಂಗನಟೋಪಿ ಹಾಕಿ, ಮಫ್ಲರ್ ಸುತ್ತಿ, ಆಟೋದಲ್ಲಿ ಕೂರಿಸಿ ಕಳಿಸಿದರು. ಕಚೇರಿ ಲಾಲ್‌ಬಾಗಿನ ಕಡೆಗೆ, ಅಂದರೆ ಮೂಡಲಿಗೆ. ಪಡುವಲಿಗೆ ಹೊರಟವರು ಮೂಡಲಿಗೆ ಹೋಗಬಹುದೇ ಎಂದು ಗಿರಿಜಾಂಬಾ ಅರ್ಧ ದಿನ ಪಂಚಾಂಗ ತಿರುವಿ, ಮುಖ ಪಡುವಲಿಗೆ ಮಾಡಿಕೊಂಡು ಹೋದರೆ ದೋಷವಿಲ್ಲವೆಂದರು. ಪರಮಶಿವಯ್ಯನವರು ಆಟೋದಲ್ಲಿ ಹಿಂದಕ್ಕೆ ಮುಖ ಮಾಡಿ, ಸೀಟಿನ ಮೇಲೆ ಮಂಡಿಯೂರಿ ಮಾವಳ್ಳಿಯವರೆಗೆ ಹೋದರು. ಆಟೋದವನು ಒಂದು ಮಾತೂ ಕೇಳಲಿಲ್ಲ. ಆ ವೃತ್ತಿಯಲ್ಲಿ ಎಲ್ಲ ನೋಡಿರುತ್ತಾರೆ. ಕಚೇರಿಯಲ್ಲಿ ಹಳೆಯ ಪಾಸ್‌ಪೋರ್ಟಿಗೆ ರದ್ದು ಎಂದು ಠಸ್ಸೆ ಹೊಡೆದು, ಹೊಸದು ಪೊಲೀಸರು ಮನೆಗೆ ಬಂದು ವಿಚಾರಿಸಿದ ಮೇಲೆ ಎಂದರು.

ಎಂಟನೇ ದಿನ ಗಿರಿಜಾಂಬಾ ಇನ್ನೊಂದು ಕಟ್ಟಳೆ ತೆಗೆದರು: ಪ್ರಸ್ಥಾನದಲ್ಲಿ ಒಂದೇ ಮನೆಯಲ್ಲಿ ಏಳು ದಿನಕ್ಕಿಂತ ಹೆಚ್ಚಿಗೆ ಇರುವಂತಿಲ್ಲ, ಮುಂದಿನ ಮನೆಗೆ ಹೋಗಬೇಕು.

“ನಮ್ ಮೇಲ್ಗಡೆ ಮನೆ ಖಾಲಿ ಐತೆ, ಅದ್ಕೆ ಬೇರೆ ಡೋರ್ ನಂಬರ್ರು” ಎಂದರು ಮುನಿಯಕ್ಕ. ಪರಮಶಿವಯ್ಯನವರು ಸೂಟ್‌ಕೇಸು ಹಿಡಿದು ಮೇಲಿನ ಮನೆಗೆ ಹೋದರು. ಹದಿನೈದನೇ ದಿನ ಅಲ್ಲಿಂದ ಮೇಲೆ, ತಾರಸಿಯ ನೀರಿನ ತೊಟ್ಟಿಯ ಪಕ್ಕದ ಶೀಟಿನ ಕೋಣೆಗೆ. ಹದಿನೈದು ದಿನದಲ್ಲಿ ಅವರು ಅಬುಧಾಬಿಯ ಕಡೆಗೆ ಒಂದು ಗೇಣೂ ಹತ್ತಿರವಾಗಿರಲಿಲ್ಲ, ಆಕಾಶಕ್ಕೆ ಮಾತ್ರ ಇಪ್ಪತ್ತೆರಡಡಿ ಹತ್ತಿರವಾಗಿದ್ದರು. ಬಿಸಿಲಿಗೆ ಕಾದ ಶೀಟಿನ ಕೆಳಗೆ ಬನಿಯನ್ನಿನಲ್ಲಿ ಕೂತವರನ್ನು ನೋಡಿದರೆ ಗಲ್ಫ್ ಅಲ್ಲವೆಂದು ಯಾರೂ ಹೇಳುವಂತಿರಲಿಲ್ಲ.

ಅಲ್ಲಿಗೇ ಒಂದು ದಿನ ಹೆಂಡತಿಯ ಫೋನು ಬಂತು. ಧ್ವನಿ ಮಾತ್ರ ಹೆಂಡತಿಯದಲ್ಲ.

“ನಾನು ಭಾಗೀರಥಮ್ಮ! ಇವ್ರ ಕೈಯಿಂದ ಕಿತ್ಕೊಂಡೆ. ಹೆಂಗಿದೆ ದುಬೈ?”

“ದುಬೈ ಅಲ್ಲಮ್ಮ, ಅಬುಧಾಬಿ.”

“ಅದೇ. ಬಿಸಿಲಂತೆ?”

“ಬಿಸಿಲು. ತುಂಬಾ ಬಿಸಿಲು” ಎಂದರು ಪರಮಶಿವಯ್ಯನವರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

“ಊಟ ತಿಂಡಿ?”

“ಮುದ್ದೆ” ಎಂದುಬಿಟ್ಟರು.

ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಸೊಪ್ಪಿನ ಗಾಡಿ ಬಂತು. ಗಾಡಿಯ ಮೈಕು, “ದಂಟು, ಸಬ್ಸಿಗೆ, ಮೆಂತ್ಯಾ...” ಎಂದು ಒಂದೇ ಸಮನೆ ಕೂಗಿತು. ಆ ಕೂಗು ಭಾಗೀರಥಮ್ಮನವರ ಒಂದು ಕಿವಿಗೆ ಬೀದಿಯಿಂದ ಬಿತ್ತು, ಇನ್ನೊಂದು ಕಿವಿಗೆ ಅಬುಧಾಬಿಯಿಂದ ಬಿತ್ತು. ಭಾಗೀರಥಮ್ಮ ಫೋನನ್ನು ಕಿವಿಯಿಂದ ತೆಗೆದು ಒಂದು ಸಾರಿ ನೋಡಿದರು.

“ಅಲ್ಲೂ ಸೊಪ್ಪು ಬರುತ್ತಾ?”

“ಬ... ಬರುತ್ತಮ್ಮ. ನಮ್ಮ ಕಡೆಯೋರು ಬಹಳ ಜನ ಇದ್ದಾರೆ.”

“ಶಿವ ಶಿವಾ, ಸಬ್ಸಿಗೆ ಕಂತೆಗೆ ಹೆಂಗೆ ಅಲ್ಲಿ?”

ಪರಮಶಿವಯ್ಯನವರು ಸಿಗ್ನಲ್ ಇಲ್ಲವೆಂದು ಫೋನು ಇಟ್ಟು, ಸೂಟ್‌ಕೇಸಿನ ಮೇಲೆ ತಲೆ ಇಟ್ಟರು.

ಚಿದಂಬರನೂ ಫೋನು ಮಾಡಿದ. “ಚಿಕ್ಕಪ್ಪ, ನೀವು ಇಷ್ಟೊಂದು ಕಷ್ಟ ಪಟ್ಕೊಳೋದು ಬೇಕಿತ್ತಾ? ಅಕ್ಕಿ ಮಾದರಿ ಎರಡು ಕೆಜಿ ಕೊರಿಯರ್ ಮಾಡಿದ್ರೆ ಸಾಕಾಗಿತ್ತು.” ಪರಮಶಿವಯ್ಯನವರು ಪಕ್ಕದಲ್ಲಿದ್ದ ಅಕ್ಕಿಯ ಚೀಲ ನೋಡಿದರು. ಮಾರನೆಯ ದಿನ ಮುನಿಯಕ್ಕನ ಕೈಯಲ್ಲಿ ಕೊಟ್ಟು ಕೊರಿಯರಿಗೆ ಹಾಕಿಸಿದರು. ಅಕ್ಕಿ ನಾಲ್ಕು ದಿನದಲ್ಲಿ ಅಬುಧಾಬಿ ಸೇರುವುದಿತ್ತು. ಅದಕ್ಕೆ ಸರ್‌ನೇಮ್ ಕೇಳುವವರಿರಲಿಲ್ಲ.

ಹದಿನೆಂಟನೇ ದಿನ, ಶನಿವಾರ, ಬೆಳಿಗ್ಗೆ ಹತ್ತು ಗಂಟೆಗೆ ಪೊಲೀಸ್ ಕಾನ್‌ಸ್ಟೇಬಲ್ ಬಂದರು. ಪಕ್ಕದ ಬೀದಿಗೆ ಬೇರೆ ವಿಚಾರಣೆಗೆ ಬಂದಿದ್ದವರು, ಹಾಗೇ ಇದನ್ನೂ ಮುಗಿಸಿಬಿಡೋಣವೆಂದು ಫೋನು ಮಾಡದೆಯೇ ಬಂದಿದ್ದರು. ಶಿವಕುಮಾರಿ ಹೊರಗೆ ಅವರೆಕಾಯಿ ಸುಲಿಯುತ್ತಿದ್ದರು. ಜೊತೆಗೆ ಭಾಗೀರಥಮ್ಮ.

“ಪರಮಶಿವಯ್ಯ ಅನ್ನೋರ ಮನೆ ಇದೇನಮ್ಮಾ? ಪಾಸ್‌ಪೋರ್ಟ್ ವೆರಿಫಿಕೇಶನ್. ಇದ್ದಾರಾ?”

ಶಿವಕುಮಾರಿ ಕಾನ್‌ಸ್ಟೇಬಲರನ್ನು ನೋಡಿದರು, ಭಾಗೀರಥಮ್ಮನನ್ನು ನೋಡಿದರು. ನಿಜ ಹೇಳಿದರೆ ಇವರೆದುರಿಗೆ ಮಾನ ಹೋಗುತ್ತದೆ, ಸುಳ್ಳು ಹೇಳಿದರೆ ಅವರೆದುರಿಗೆ. ಭಾಗೀರಥಮ್ಮನಿಗೆ ಆ ತೊಂದರೆ ಇರಲಿಲ್ಲ.

“ಅವ್ರು ಫಾರಿನ್‌ನಲ್ಲಿದ್ದಾರೆ. ಬಿಸ್ನೆಸ್ಸಿಗೆ ಹೋಗಿ ಹದಿನೈದು ದಿನದ ಮೇಲಾಯ್ತು. ದುಬೈ.”

“ಅಬುಧಾಬಿ” ಎಂದರು ಶಿವಕುಮಾರಿ, ಅಭ್ಯಾಸ ಬಲದಿಂದ.

ಕಾನ್‌ಸ್ಟೇಬಲ್ ಫೈಲು ನೋಡಿದರು. “ಹಳೇ ಪಾಸ್‌ಪೋರ್ಟ್ ಕ್ಯಾನ್ಸಲ್ ಆಗಿದೆ. ಹೊಸದು ಇನ್ನೂ ಕೊಟ್ಟಿಲ್ಲ. ಹೋಗಿದ್ದು ಹೆಂಗಮ್ಮಾ? ಈಜ್ಕೊಂಡಾ?”

“ಅದೆಲ್ಲ ನಮಗೆ ಗೊತ್ತಿಲ್ಲಪ್ಪ. ನಾನೇ ಫೋನಿನಲ್ಲಿ ಮಾತಾಡಿದೀನಿ. ಅಲ್ಲಿ ಮುದ್ದೆ ಹಾಕ್ತಾರಂತೆ, ಸೊಪ್ಪೂ ಬರುತ್ತಂತೆ” ಎಂದರು ಭಾಗೀರಥಮ್ಮ.

“ಸಾಕ್ಷಿಗೆ ನಿಮ್ಮ ಹೆಸರು ಬರ್ಕೊಳ್ಳಾ?”

“ಬರ್ಕೊಳಿ! ನಾನು ಸುಳ್ಳು ಹೇಳೋಳಲ್ಲ.”

ಕಾನ್‌ಸ್ಟೇಬಲ್ ಪೆನ್ನು ತೆಗೆದರು. ಎದುರು ಜಗಲಿಯಲ್ಲಿ ಪೇಪರು ಓದುತ್ತಿದ್ದ ರಾಮಾಂಜಿನಪ್ಪನವರಿಗೆ ಎಲ್ಲ ಕೇಳಿಸುತ್ತಿತ್ತು. ಈ ಮನುಷ್ಯ ವಿಳಾಸದಲ್ಲಿಲ್ಲ ಎಂದು ಸರ್ಕಾರ ಒಂದು ಸಾರಿ ಬರೆದರೆ ಪಾಸ್‌ಪೋರ್ಟ್ ಬರುವುದಿಲ್ಲ. ಪಾಸ್‌ಪೋರ್ಟ್ ಬರದಿದ್ದರೆ ಅಬುಧಾಬಿ ಇಲ್ಲ. ಅಬುಧಾಬಿ ಇಲ್ಲದಿದ್ದರೆ ಶೀಟಿನ ಕೋಣೆಯ ಅತಿಥಿ ಮನೆಗೆ ಹೋಗುವಂತಿಲ್ಲ. ನಾಳೆ ಭಾನುವಾರ. ಅದರಾಚೆಗೂ ಭಾನುವಾರಗಳು ಸಾಲಾಗಿ ನಿಂತದ್ದು ಅವರ ಕಣ್ಣಿಗೆ ಕಟ್ಟಿತು. ಅವರು ಪೇಪರು ಎಸೆದು ಎದ್ದರು.

“ಸಾರ್! ಬರೀಬೇಡಿ ಸಾರ್! ಎಲ್ಲೂ ಹೋಗಿಲ್ಲ, ನಮ್ ತಾರಸಿ ಮೇಲವ್ರೆ!”

ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಶಿವಕುಮಾರಿಯ ಕೈಯಿಂದ ಅವರೆಕಾಯಿ ಮೊರ ಜಾರಿತು.

“ತಾರಸಿ ಮೇಲೆ ಯಾಕಿದ್ದಾರೆ?” ಎಂದರು ಕಾನ್‌ಸ್ಟೇಬಲ್.

“ಏಳು ದಿವ್ಸಕ್ಕೊಂದು ಮನೆ ಬದ್ಲಾಯಿಸ್ಬೇಕು ಸಾರ್. ಮೊದ್ಲು ಕೆಳ್ಗಿದ್ರು.”

ಕಾನ್‌ಸ್ಟೇಬಲ್ ಪೆನ್ನಿನ ಮುಚ್ಚಳ ಹಾಕಿದರು. “ಏಳು ದಿನಕ್ಕೊಂದು ಮನೆ ಬದಲಾಯಿಸೋರನ್ನ ನಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ ಬೇರೆ ಹೆಸರಿನಲ್ಲಿ ಕರೀತಾರೆ. ಕರೀರಿ ಕೆಳಗೆ.”

ಪರಮಶಿವಯ್ಯನವರು ಇಳಿದು ಬಂದರು. ಬನಿಯನ್ನು, ಪಂಚೆ, ಹದಿನೆಂಟು ದಿನದಲ್ಲಿ ಕಪ್ಪಗಾದ ಮುಖ. ಭಾಗೀರಥಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು, “ಯಾವಾಗ ಬಂದ್ರಿ?” ಎಂದು ಕೇಳಿದರು. ಪಾಪ, ಆಕೆಗೆ ಆಗಲೂ ನಂಬಿಕೆ ಹೋಗಿರಲಿಲ್ಲ.

ಪರಮಶಿವಯ್ಯನವರು ರಸ್ತೆಯ ಮಧ್ಯಕ್ಕೆ ಬಂದು ನಿಂತರು. ಇನ್ನು ಹತ್ತಡಿ ನಡೆದರೆ ಮನೆ.

“ನೀವು ಈ ಮನೇಲಿ ವಾಸ ಇದ್ದೀರೋ ಆ ಮನೇಲೋ?” ಎಂದರು ಕಾನ್‌ಸ್ಟೇಬಲ್.

“ವಾಸ ಇದೇ ಸ್ವಾಮಿ. ಹೊರಟಿರೋದು ಆ ಮನೆಯಿಂದ... ಅಲ್ಲ, ಈ ಮನೆಯಿಂದ. ಇನ್ನೂ ಹೋಗಿಲ್ಲ.”

“ಹಾಗಾದ್ರೆ ಒಳಗೆ ಹೋಗಿ. ಒಳಗಿದ್ರೆ ಇದ್ದಾರೆ ಅಂತ ಬರೀತೀನಿ. ಹೊರಗಿದ್ರೆ ಇಲ್ಲ ಅಂತ ಬರೀತೀನಿ. ನಂಗೆ ಇನ್ನೂ ಆರು ಮನೆ ಇದೆ.”

“ಒಂದ್ನಿಮಿಷ!” ಎಂದು ಶಿವಕುಮಾರಿ ಅಕ್ಕನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಹಿಂದಿನಿಂದ ಒಬ್ಬ ಆಟೋದವನು ಹಾರನ್ನು ಹೊಡೆದ. ವಿಷಯ ಏನೆಂದು ತಿಳಿದ ಮೇಲೆ ಅವನೂ ಆಟೋ ಆಫ್ ಮಾಡಿ ಇಳಿದು ಬಂದ.

ಗಿರಿಜಾಂಬಾ ಎಲ್ಲವನ್ನೂ ಕೇಳಿದರು. “ಆಗಲ್ಲ. ಹೊಸ್ತಿಲು ತುಳಿದ್ರೆ ಪ್ರಸ್ಥಾನ ಮುರೀತು. ಪೊಲೀಸಿನೋರಿಗೆ ಹೇಳು, ಮುಂದಿನ ತಿಂಗ್ಳು ಬನ್ನಿ ಅಂತ.”

“ಹೇಳ್ರಮ್ಮಾ, ಕಾಫಿ ಕುಡ್ಕೊಂಡು ಕಾಯ್ತೀನಿ” ಎಂದರು ಕಾನ್‌ಸ್ಟೇಬಲ್.

ಆಗ ಮುನಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆ ದಾಟಿ ಬಂದು, ಫೋನಿನ ಹತ್ತಿರ ಬಾಯಿಟ್ಟರು. “ಅಕ್ಕಾವ್ರೇ, ನಾನು ಎದ್ರು ಮನೆ ಮುನಿಯಕ್ಕ. ನಮ್ ಮೂರು ಅಂತಸ್ತೂ ಮುಗೀತು. ಇನ್ ನಾಲ್ಕು ದಿವ್ಸಕ್ಕೆ ಮುಂದಿನ್ ಮನೆ ಆಗ್ಬೇಕು. ಅಬುಧಾಬಿ ಕಡೀಕೆ ಮುಂದಿನ್ ಮನೆ ಅಂದ್ರೆ ಮಲ್ಲೇಶ್ವರ. ನಿಮ್ದೇಯ.”

“ಆಂ?” ಎಂದಿತು ಫೋನು.

“ಇವ್ರಿಗೆ ಬೆಳಿಗ್ಗೆ ಐದಕ್ಕೆ ಬಿಸಿನೀರು ಆಗ್ಬೇಕು” ಎಂದು ಮುನಿಯಕ್ಕ ಮುಂದುವರಿಸಿದರು. “ಆರಕ್ಕೆ ಪೂಜೆ, ಏಳಕ್ಕೆ ಕಾಫಿ. ಆಮೇಲೆ ಕಿಟ್ಕೀಲಿ ಕೂತ್ಕೊಂಡು ಉಸಿರು ಬಿಡ್ತಾರೆ. ಸಂಜೆ ತನಕ ಬಿಡ್ತಾರೆ. ಪಾಪ, ಬೇರೇನೂ ತೊಂದ್ರೆ ಇಲ್ಲ.”

ಪಂಚಾಂಗದ ಹಾಳೆ ಪಟಪಟನೆ ತಿರುಗುವ ಸದ್ದು ಕೇಳಿಸಿತು. ಹದಿನೆಂಟು ದಿನದಲ್ಲಿ ಆ ಹಾಳೆಗಳು ಅಷ್ಟು ಚುರುಕಾಗಿ ತಿರುಗಿರಲಿಲ್ಲ.

“ನಿಧಾನ, ನಿಧಾನ. ನೋಡ್ಬೇಕು” ಎಂದರು ಗಿರಿಜಾಂಬಾ. “ರಾಜಾಜ್ಞೆ ಅಂತ ಒಂದಿದೆ. ರಾಜನ ಕಡೆಯೋರು ಬಂದು ಕರೆದ್ರೆ ಪ್ರಸ್ಥಾನದೋರು ಮನೆಗೆ ಬರಬಹುದು ಅಂತ... ಇಲ್ಲೇ ಎಲ್ಲೋ... ಕುಮಾರೀ, ಆ ಪೊಲೀಸಿನೋರು ಡ್ರೆಸ್ಸಿನಲ್ಲಿದ್ದಾರಾ?”

“ಇಲ್ಲಕ್ಕಾ, ಮಾಮೂಲಿ ಶರಟು.”

“ಶರಟಾದ್ರೆ ಕಷ್ಟ. ಟೋಪಿನಾದ್ರೂ ಇದೆಯಾ?”

“ಬೈಕಲ್ಲಿ ಹೆಲ್ಮೆಟ್ಟಿದೆ” ಎಂದ ಆಟೋದವನು.

“ಹೆಲ್ಮೆಟ್ಟು ನಡೆಯುತ್ತೋ ಇಲ್ವೋ ನೋಡ್ಬೇಕು...”

“ರೀ, ನಾನು ಸರ್ಕಾರಿ ನೌಕರ” ಎಂದು ಕಾನ್‌ಸ್ಟೇಬಲ್ ಫೋನಿಗೆ ಗುರುತಿನ ಚೀಟಿ ತೋರಿಸಿದರು. ಚೀಟಿ ಫೋನಿನಲ್ಲಿ ಕಾಣುವುದಿಲ್ಲವೆಂದು ಭಾಗೀರಥಮ್ಮ ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಶಿವಕುಮಾರಿ, ಮುನಿಯಕ್ಕ, ರಾಮಾಂಜಿನಪ್ಪ, ಕಾನ್‌ಸ್ಟೇಬಲ್, ಆಟೋದವನು, ಎಲ್ಲರೂ ಆ ಅಂಗೈಯಗಲದ ಫೋನಿನ ಸುತ್ತ ತಲೆ ಬಗ್ಗಿಸಿ ನಿಂತರು. ರಾಜಾಜ್ಞೆ ಮೌಖಿಕವಾಗಿದ್ದರೆ ಸಾಕೋ ಲಿಖಿತವಾಗಿರಬೇಕೋ ಎಂಬುದರ ಮೇಲೆ ಐದು ನಿಮಿಷ ಚರ್ಚೆಯಾಯಿತು. ಬಾಯಿಮಾತೇ ಸಾಕು ಎಂದು ಗಿರಿಜಾಂಬಾ ಕೊನೆಗೆ ತೀರ್ಪು ಕೊಟ್ಟರು.

“ಹಾಗಾದ್ರೆ ಆಜ್ಞೆ ಮಾಡ್ತಿದೀನಿ, ಒಳಗೆ ಹೋಗಿ” ಎಂದು ಕಾನ್‌ಸ್ಟೇಬಲ್ ತಿರುಗಿದರು.

ರಸ್ತೆಯ ಮಧ್ಯೆ ಯಾರೂ ಇರಲಿಲ್ಲ.

ಗೇಟು ತೆರೆದಿತ್ತು. ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ, ಒಂದು ಈ ಕಡೆ, ಒಂದು ಆ ಕಡೆ. ಒಳಗಿನಿಂದ ಓಡಿಸಲ್ಪಟ್ಟ ಬೆಕ್ಕು ಹೊರಗೆ ಬಂದು ಎಲ್ಲರನ್ನೂ ದುರುಗುಟ್ಟಿಕೊಂಡು ನೋಡಿತು.

ಶಿವಕುಮಾರಿ ಒಳಗೆ ಓಡಿದರು, ಹಿಂದೆಯೇ ಉಳಿದವರು. ಪರಮಶಿವಯ್ಯನವರು ತಮ್ಮ ಮಂಚದ ಮೇಲೆ, ತಮ್ಮ ಫ್ಯಾನಿನ ಕೆಳಗೆ, ಅಂಗಾತ ಮಲಗಿದ್ದರು. ಕಣ್ಣು ಮುಚ್ಚಿದ್ದವು.

“ರೀ, ಯಾವಾಗ ಒಳಗೆ ಬಂದ್ರಿ? ಆಜ್ಞೆ ಆಗೋಕ್ ಮುಂಚೇನೋ ಆದ್ಮೇಲೋ?”

“ಗೊತ್ತಿಲ್ಲ ಕುಮಾರಿ. ಸುಸ್ತಾಗಿತ್ತು.”

ಶಿವಕುಮಾರಿ ಗಂಡನ ಮುಖ ನೋಡಿದರು. ಫೋನಿನಲ್ಲಿ ಅಕ್ಕ ಅದನ್ನೇ ಕೇಳುತ್ತಿದ್ದರು. “ಆದ್ಮೇಲೆ ಅಕ್ಕಾ. ನಾನೇ ನೋಡ್ದೆ” ಎಂದು ಹೇಳಿ ಫೋನು ಆರಿಸಿ ಮಂಚದ ತುದಿಯಲ್ಲಿ ಕೂತರು.

ಕಾನ್‌ಸ್ಟೇಬಲರಿಗೆ ಸಮಾಧಾನವಾಯಿತು. “ಸರಿ, ಇದ್ದಾರೆ ಅಂತಾಯ್ತು. ಇನ್ನೊಂದೇ ಕೆಲಸ. ಮನೆ ನಂಬರ್ ಕಾಣೋ ಹಾಗೆ ಒಂದು ಫೋಟೋ ಬೇಕು. ಬನ್ನಿ ಸ್ವಾಮಿ, ಹೊರಗಡೆ ಬಾಗಿಲ ಮುಂದೆ ಎರಡು ನಿಮಿಷ ನಿಂತ್ಕೊಳಿ.”

ಪರಮಶಿವಯ್ಯನವರು ಕಣ್ಣು ತೆರೆದರು.

“ಎಲ್ಲಿ?”

“ಹೊರಗಡೆ. ಹೊಸ್ತಿಲಾಚೆ.”

“ಬರಲ್ಲ.”

“ಎರಡೇ ನಿಮಿಷ ಸ್ವಾಮಿ. ಫೋಟೋ ಇಲ್ದಿದ್ರೆ ಪಾಸ್‌ಪೋರ್ಟ್ ಬರಲ್ಲ.”

“ಬರದೆ ಇದ್ರೆ ಬೇಡಪ್ಪ.”

ಅತಿಥಿ ಮತ್ತೆ ತಾರಸಿಗೆ ಬಂದಾರೆಂಬ ಭಯಕ್ಕೆ ರಾಮಾಂಜಿನಪ್ಪ ಬಾಗಿಲ ಬಳಿಯಿಂದ ಕೈ ಮುಗಿದು ಬೇಡಿದರು. ಭಾಗೀರಥಮ್ಮ ಬುದ್ಧಿ ಹೇಳಿದರು. ಆಟೋದವನು, ಮಂಚ ಸಮೇತ ಎತ್ತಿಕೊಂಡು ಹೋಗಿ ಬಾಗಿಲಲ್ಲಿಟ್ಟರೆ ಹೇಗೆ ಎಂದ. ಪರಮಶಿವಯ್ಯನವರು ಎರಡೂ ಕೈಯಲ್ಲಿ ಮಂಚದ ಪಟ್ಟಿ ಹಿಡಿದುಕೊಂಡು ಗೋಡೆಯ ಕಡೆಗೆ ಮಗ್ಗುಲಾದರು. ಶಿವಕುಮಾರಿ ಅವರ ಕಾಲ ಮೇಲೆ ಹೊದಿಕೆ ಎಳೆದು, “ಸಾಕು ಹೋಗ್ರಪ್ಪಾ ಎಲ್ರೂ” ಎಂದರು.

ಕಾನ್‌ಸ್ಟೇಬಲ್ ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಕಿಟಕಿಯ ಕಟ್ಟೆಯ ಮೇಲೆ ಫೈಲು ಇಟ್ಟುಕೊಂಡು, ಷರಾ ಎಂದಿದ್ದ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದರು:

“ಅರ್ಜಿದಾರರು ಇದೇ ವಿಳಾಸದಲ್ಲಿ ವಾಸವಾಗಿರುತ್ತಾರೆ. ಹೊರಗೆ ಬರಲು ಒಪ್ಪಿರುವುದಿಲ್ಲ.”